ಕ್ವಿಜ್, ಚಿತ್ರಗಳ ರಾಶಿ, ಮನೆಯದೇ ಫೋಟೋ, ಸ್ಯಾಂಪಲ್ ಹಲಗೆ: ನಿಮ್ಮ ಮನೆಯ ಶೈಲಿ ಹುಡುಕಲು ಯಾವುದು ಸರಿ?

“ನಂಗೆ ಯಾವ ಸ್ಟೈಲ್ ಇಷ್ಟ ಅಂತಲೇ ಗೊತ್ತಾಗ್ತಿಲ್ಲ” ಅನ್ನುವವರ ಫೋನ್ ತೆರೆದರೆ ಮುನ್ನೂರು ಕೋಣೆಗಳ ಚಿತ್ರ ಸೇವ್ ಆಗಿರುತ್ತವೆ. ಇಷ್ಟಕ್ಕೇನೂ ಬರವಿಲ್ಲ, ಸೋಸುವ ಜರಡಿ ಇಲ್ಲ ಅಷ್ಟೆ. ಜರಡಿಯಾಗಬಲ್ಲ ನಾಲ್ಕು ದಾರಿಗಳನ್ನು ಒಂದೇ ಹಾಲ್‌ಗೆ, ಅದೇ ಕಿಟಕಿ, ಅದೇ ಸೋಫಾ ಇಟ್ಟುಕೊಂಡು ಮಾಡಿ ನೋಡಿದ ಹೋಲಿಕೆ ಇದು. ತೀರ್ಪು ಮೊದಲೇ ಹೇಳಿಬಿಡುವುದಾದರೆ, ನಾಲ್ಕರಲ್ಲಿ ಒಂದನ್ನೇ ಮಾಡಲು ಸಮಯವಿದ್ದರೆ ಮೂರನೆಯದನ್ನು, ಅಂದರೆ ಮನೆಯದೇ ಫೋಟೋವನ್ನು ಮಾಡಿ. ಎರಡನ್ನು ಮಾಡಬಹುದಾದರೆ ಅದರ ಜೊತೆ ನಾಲ್ಕನೆಯದಾದ ಸ್ಯಾಂಪಲ್ ಹಲಗೆಯೂ.

ಕ್ವಿಜ್: ಹತ್ತು ನಿಮಿಷ, ಒಂದು ಹೆಸರು

ಸ್ಟೈಲ್ ಕ್ವಿಜ್ ನಾಲ್ಕು ಸೋಫಾ ತೋರಿಸಿ ಒಂದನ್ನು ಆರಿಸಿ ಅನ್ನುತ್ತದೆ, ಹತ್ತು ಪ್ರಶ್ನೆ ಮುಗಿಯುವಷ್ಟರಲ್ಲಿ “ನೀವು ಸ್ಕ್ಯಾಂಡಿನೇವಿಯನ್” ಎಂದು ಸರ್ಟಿಫಿಕೇಟ್ ಕೊಡುತ್ತದೆ. ಬೇರೆ ಬೇರೆ ಮೂರು ಕ್ವಿಜ್ ತೆಗೆದುಕೊಂಡು, ವಾರ ಬಿಟ್ಟು ಅವನ್ನೇ ಮತ್ತೆ ಮಾಡಿ ನೋಡಿ. ಆರೂ ಉತ್ತರ ಒಂದೇ ಬಂದರೆ ನಂಬಬಹುದು, ಸಾಮಾನ್ಯವಾಗಿ ಬರುವುದಿಲ್ಲ. ಅದು ಕೇಳುವುದೆಲ್ಲ ಕಣ್ಣಿಗೆ ಏನು ಹಿತ ಎಂದು. ಧೂಳು ಒರೆಸುವವರು ಯಾರು, ಸೋಫಾದ ಮೇಲೆ ಬೆಕ್ಕು ಮಲಗುತ್ತದೆಯೇ, ರಾತ್ರಿ ಓದುವ ಅಭ್ಯಾಸ ಇದೆಯೇ ಎಂದು ಕೇಳುವುದಿಲ್ಲ. ಶೈಲಿ ಕೈಕೊಡುವುದು ಇಂಥಲ್ಲೇ.

ಒಂದು ಉಪಯೋಗ ಮಾತ್ರ ಉಂಟು. ಬಡಗಿಯ ಹತ್ತಿರವೋ ಅಂಗಡಿಯಲ್ಲೋ ಮಾತಾಡಲು ಹೆಸರು ಸಿಗುತ್ತದೆ. ಆದರೆ ಹೆಸರಿನ ಬೆನ್ನಿಗೆ ಅದರ ಷರತ್ತೂ ಬರುತ್ತದೆ. ಸ್ಕ್ಯಾಂಡಿನೇವಿಯನ್ ಎಂದರೆ ಬಿಳಿ ಗೋಡೆ, ತಿಳಿ ಮರ; ಉತ್ತರದ ದೇಶಗಳ ಮಂದ ಚಳಿಗಾಲದಲ್ಲಿ ಸಿಕ್ಕಷ್ಟು ಬೆಳಕನ್ನು ಹಿಡಿಯಲು ಹೊಂದಿಕೊಂಡ ರೂಪ ಅದು. ಬಿಸಿಲು ನೇರ ಬೀಳುವ ಕೋಣೆಗೆ ಅಚ್ಚ ಬಿಳಿ ಬಳಿದರೆ ಮಧ್ಯಾಹ್ನ ಕಣ್ಣು ಕುಕ್ಕುತ್ತದೆ. 1940ರ ದಶಕದ ನಡುವಿನಿಂದ 1960ರ ದಶಕದವರೆಗಿನ ಮಿಡ್-ಸೆಂಚುರಿ ಪೀಠೋಪಕರಣಗಳ ಸೊಗಸು ಇರುವುದು ತೆಳ್ಳನೆ ಕಾಲುಗಳಲ್ಲಿ, ಅದರಡಿ ಕಾಣುವ ಖಾಲಿ ನೆಲದಲ್ಲಿ. ಸೋಫಾದಡಿ ಪೆಟ್ಟಿಗೆ ತುರುಕುವವರಿಗೆ ಅದು ಆಗಿಬರುವುದಿಲ್ಲ. ಇಂಡಸ್ಟ್ರಿಯಲ್ ಶೈಲಿ ಹುಟ್ಟಿದ್ದು ಹಳೆಯ ಕಾರ್ಖಾನೆ, ಗೋದಾಮುಗಳು ವಾಸದ ಮನೆಯಾದಾಗ. ಅಲ್ಲಿನ ಚಾವಣಿಯ ಎತ್ತರ ಇಲ್ಲದ ಕಡೆ ಇಟ್ಟಿಗೆ ಗೋಡೆ, ಕಬ್ಬಿಣದ ಪೈಪು ಹಾಕಿದರೆ ನಾಟಕದ ಸೆಟ್ ಇದ್ದಂತೆ ಇರುತ್ತದೆ. ಇನ್ನು ಮಿನಿಮಲ್, ಅಂದರೆ ಕಣ್ಣೆದುರು ಆದಷ್ಟು ಕಡಿಮೆ ಸಾಮಾನು. ಎಲ್ಲಕ್ಕಿಂತ ಹೆಚ್ಚು ಬೀರು ಬೇಡುವ ಶೈಲಿ ಅದೇ, ಯಾಕೆಂದರೆ ಕಾಣದ ಸಾಮಾನೆಲ್ಲ ಎಲ್ಲೋ ಇರಲೇಬೇಕಲ್ಲ.

ಚಿತ್ರಗಳ ರಾಶಿ: ಎರಡು ವಾರ, ಅರ್ಧ ಸತ್ಯ

ಎಲ್ಲರೂ ಮಾಡುವುದು ಇದನ್ನೇ, ಮಾಡುವ ರೀತಿ ಮಾತ್ರ ತಪ್ಪು. ಒಂದು ಹಸಿರು ಸೋಫಾ ಸೇವ್ ಮಾಡಿದ ಕೂಡಲೇ ಆ್ಯಪ್ ಇನ್ನೈವತ್ತು ಹಸಿರು ಸೋಫಾ ಸುರಿಯುತ್ತದೆ. ಕೊನೆಗೆ ಎಣಿಸಿದರೆ ಸಿಗುವುದು ಯಂತ್ರದ ರುಚಿ. ಇದಕ್ಕೆ ಮದ್ದು ಸರಳ: ಒಂದು ಹುಡುಕಾಟದಿಂದ ಐದಕ್ಕಿಂತ ಹೆಚ್ಚು ಚಿತ್ರ ತೆಗೆಯಬೇಡಿ, ಮತ್ತು ಅರ್ಧದಷ್ಟಾದರೂ ಆ್ಯಪ್‌ನ ಹೊರಗಿಂದ ಬರಲಿ. ಹೋಟೆಲ್ ಲಾಬಿ, ಸಿನಿಮಾದ ಒಂದು ಫ್ರೇಮ್, ಯಾರದೋ ಮನೆಯ ಜಗಲಿ, ನಿಮ್ಮದೇ ಬಟ್ಟೆಯ ಕಪಾಟು, ಯಾವುದಾದರೂ ಸರಿ.

ನೂರು ಚಿತ್ರ ಆದ ಮೇಲೆ ಒಂದು ವಾರ ಮುಟ್ಟಬೇಡಿ. ಆಮೇಲೆ ಇಪ್ಪತ್ತಕ್ಕೆ ಇಳಿಸಿ. ಇಲ್ಲಿಂದಾಚೆ “ಚೆನ್ನಾಗಿದೆ” ಎಂಬ ಮಾತು ನಿಷಿದ್ಧ. ಕಾಗದದಲ್ಲಿ ಗೆರೆ ಹಾಕುತ್ತಾ ಎಣಿಸಿ. ಮರ ತಿಳಿಯೋ ಕಡುವೋ? ಪೀಠೋಪಕರಣದ ಕಾಲು ಕಾಣುತ್ತದೆಯೋ ನೆಲಕ್ಕೆ ಕೂತಿದೆಯೋ? ಅಂಚು ನೇರವೋ ದುಂಡೋ? ಲೋಹ ಇದ್ದರೆ ಹಿತ್ತಾಳೆಯೋ ಕಪ್ಪೋ? ಎದುರಿಗೆ ಕಾಣುವ ವಸ್ತುಗಳು ಹತ್ತರೊಳಗೋ ಮೂವತ್ತರ ಮೇಲೋ? ಬೆಳಕು ಮೇಲಿನಿಂದಲೋ, ಮೂಲೆಯ ದೀಪಗಳಿಂದಲೋ? ಇಪ್ಪತ್ತರಲ್ಲಿ ಹದಿನಾಲ್ಕಕ್ಕಿಂತ ಹೆಚ್ಚು ಬಾರಿ ಮರಳಿದ್ದು ನಿಮ್ಮದು. ಹತ್ತರ ಆಸುಪಾಸು ಬಂದದ್ದು ಆ ದಿನದ ಮೂಡು.

ಇದೇ ಇಪ್ಪತ್ತನ್ನು ಫೋನಿನಲ್ಲಿ ಕಪ್ಪು-ಬಿಳುಪು ಮಾಡಿ ನೋಡಿ. ಬಣ್ಣ ತೆಗೆದರೆ ಉಳಿಯುವುದು ಕಡು-ತಿಳಿಗಳ ಅಂತರ. ಬೂದು ಬಣ್ಣದ ಕೋಣೆ, ನೀಲಿ ಕೋಣೆ, ಮಣ್ಣುಬಣ್ಣದ ಕೋಣೆ ಮೂರೂ ಇಷ್ಟವೆಂದು ಗೊಂದಲದಲ್ಲಿದ್ದವರಿಗೆ ಮೂರೂ ಕಪ್ಪು-ಬಿಳುಪಿನಲ್ಲಿ ಒಂದೇ ಥರ ಕಾಣಬಹುದು: ತಿಳಿ ಹಿನ್ನೆಲೆ, ಒಂದೇ ಒಂದು ಗಾಢ ತುಂಡು. ಹಾಗಿದ್ದರೆ ಇಷ್ಟವಾದದ್ದು ಬಣ್ಣವಲ್ಲ, ಆ ಅಂತರ. ಬಣ್ಣ ಯಾವುದಿದ್ದರೂ ನಡೆಯುತ್ತದೆ. ಈ ಒಂದು ಪರೀಕ್ಷೆಗಾಗಿಯಾದರೂ ಚಿತ್ರಗಳ ದಾರಿಗೆ ಒಳ್ಳೆ ಅಂಕ ಕೊಡಬೇಕು.

ಮೋಸವೂ ಇದೆ. ಅಲ್ಟ್ರಾ ವೈಡ್ ಲೆನ್ಸು ಕೋಣೆಯನ್ನು ಹಿಗ್ಗಿಸಿ ತೋರಿಸುತ್ತದೆ. ಚಿತ್ರದ ಅಂಚಿನಲ್ಲಿರುವ ಕುರ್ಚಿ ಎಳೆದಂತಾಗಿದ್ದರೆ ಅದೇ ಸುಳಿವು. ಬಾಗಿಲಿನ ಮೇಲೆ ಇನ್ನೂ ಎಷ್ಟು ಗೋಡೆ ಉಳಿದಿದೆ ನೋಡಿ, ಚಾವಣಿಯ ಎತ್ತರ ತಿಳಿಯುತ್ತದೆ. ಮತ್ತೆ ಆ ಚಿತ್ರಗಳಲ್ಲಿ ಚಾರ್ಜರ್ ವೈರು ಒಂದಾದರೂ ಕಂಡಿದೆಯೇ?

ನಿಮ್ಮದೇ ಮನೆಯ ಫೋಟೋ: ಒಂದು ಸಂಜೆ, ಕಹಿ ಔಷಧ

ಓರಣ ಮಾಡದೆ ತೆಗೆಯಬೇಕು. ಕೋಣೆಯ ನಾಲ್ಕು ಮೂಲೆಗಳಿಂದ, ಎದೆಮಟ್ಟದಲ್ಲಿ, ಫೋನಿನ ಸಾಧಾರಣ ಲೆನ್ಸಿನಲ್ಲಿ ತಲಾ ಒಂದು. ಹಗಲಿಗೊಮ್ಮೆ, ರಾತ್ರಿ ದೀಪದಲ್ಲೊಮ್ಮೆ. ಒಂಬತ್ತನೆಯದು ನೀವು ದಿನಾ ಕೂರುವ ಜಾಗದಿಂದ. ಎಲ್ಲಕ್ಕಿಂತ ಮುಖ್ಯ ಈ ಒಂಬತ್ತನೆಯದೇ, ಯಾಕೆಂದರೆ ಮನೆಯನ್ನು ನೀವು ನಿಜಕ್ಕೂ ನೋಡುವುದು ಅಲ್ಲಿಂದ. ಬಾಗಿಲಿಂದ ಅಂದವಾಗಿ ಕಾಣುವ ಹಾಲ್‌ಗಳ ಕುರ್ಚಿಯಲ್ಲಿ ಕೂತರೆ ಎದುರಿಗೆ ಮೀಟರ್ ಬಾಕ್ಸ್ ಇರುವುದೂ ಉಂಟು.

ಕಣ್ಣು ರೂಢಿಯಾಗಿ ಬಿಟ್ಟುಬಿಡುವುದನ್ನು ಫೋಟೋ ಬಿಡುವುದಿಲ್ಲ. ಪ್ರತಿ ವಸ್ತುವಿನ ಮೇಲೂ ಎರಡು ಗುರುತು ಹಾಕಿ. ಮೊದಲನೆಯದು, ಅದು ನೀವೇ ಆರಿಸಿ ಕೊಂಡದ್ದೋ, ಉಡುಗೊರೆಯಾಗಿಯೋ ಪಾಲಿಗೋ ಬಂದದ್ದೋ. ಎರಡನೆಯದು, ನಾಳೆ ಮನೆ ಬದಲಿಸಿದರೆ ಲಾರಿಗೆ ಏರಿಸುತ್ತೀರೋ ಇಲ್ಲವೋ. “ಕೊಂಡದ್ದು, ಏರಿಸುತ್ತೇನೆ” ಎಂಬ ಗುಂಪಿನಲ್ಲಿ ಏಳೆಂಟು ವಸ್ತು ಇದ್ದರೂ ಸಾಕು, ಅವುಗಳ ನಡುವಿನ ನಂಟೇ ನಿಮ್ಮ ಶೈಲಿಯ ಬೇರು. “ಬಂದದ್ದು, ಆದರೂ ಏರಿಸುತ್ತೇನೆ” ಎಂಬುದನ್ನು ಕಡೆಗಣಿಸಬೇಡಿ. ಹಳೆಯ ಮರದ ಪೆಟ್ಟಿಗೆಯೊಂದು ಅಲ್ಲಿ ಬಿದ್ದರೆ ಉಳಿದದ್ದೆಲ್ಲ ಅದಕ್ಕೆ ಹೊಂದಬೇಕು, ಅದು ಉಳಿದದ್ದಕ್ಕಲ್ಲ.

ನಮ್ಮ ಹೋಲಿಕೆಯಲ್ಲಿ ಈ ದಾರಿ ಬಯಲು ಮಾಡಿದ ದೊಡ್ಡ ತಪ್ಪು ಶೈಲಿಯದ್ದೇ ಅಲ್ಲ, ಮರದ್ದು. ಬಾಗಿಲು ಕೆಂಪು ಛಾಯೆ, ಟಿವಿ ಯೂನಿಟ್ಟಿನ ಲ್ಯಾಮಿನೇಟ್ ಹಳದಿ ಛಾಯೆ, ಟೀಪಾಯಿ ಬೂದು ಛಾಯೆ. ಒಂದೊಂದಾಗಿ ನೋಡಿದರೆ ಎಲ್ಲವೂ “ಕಂದು”. ಪಕ್ಕದಲ್ಲಿ ಒಂದು ಬಿಳಿ ಎ4 ಹಾಳೆ ಹಿಡಿದರೆ ಛಾಯೆ ತಾನಾಗಿ ಬಾಯಿಬಿಡುತ್ತದೆ. ಒಂದು ಮರ ಮುಖ್ಯವಾಗಿರಲಿ, ಎರಡನೆಯದು ಅದಕ್ಕಿಂತ ಸ್ಪಷ್ಟವಾಗಿ ಕಡು ಇಲ್ಲವೇ ತಿಳಿ ಇರಲಿ. ಹತ್ತಿರ ಹತ್ತಿರ ಇದ್ದೂ ಒಂದಾಗದ ಎರಡು ಮರ ಬಣ್ಣ ತುಸು ತಪ್ಪಿದ ಬ್ಲೌಸ್ ಪೀಸಿನ ಹಾಗೆ, ನೋಡಿದವರಿಗೆಲ್ಲ ಕಾಣುತ್ತದೆ. ಹೊಸ ಸೋಫಾ ತಂದರೂ “ಏನೋ ಸರಿಯಿಲ್ಲ” ಅನ್ನಿಸುತ್ತಿದ್ದರೆ ಮೊದಲು ಇದನ್ನು ನೋಡಿ.

ಕೊರತೆ ಏನೆಂದರೆ ಫೋಟೋ ಹೇಳುವುದು ಅಭ್ಯಾಸವನ್ನು, ಆಸೆಯನ್ನಲ್ಲ. ಹತ್ತು ವರ್ಷ ಬಾಡಿಗೆ ಮನೆಯ ಕೆನೆಬಣ್ಣದ ಗೋಡೆಯಲ್ಲಿ ಬದುಕಿದವರ ಫೋಟೋದಲ್ಲಿ ಕೆನೆಬಣ್ಣವೇ ಇರುತ್ತದೆ. ಅದಕ್ಕೇ ಚಿತ್ರಗಳ ಗೆರೆಲೆಕ್ಕವನ್ನು ಪಕ್ಕಕ್ಕಿಟ್ಟು ಓದಬೇಕು: ಎರಡು ಕಡೆಯೂ ಬಂದದ್ದು ಗಟ್ಟಿ, ಚಿತ್ರದಲ್ಲಿ ಮಾತ್ರ ಬಂದದ್ದು ಕುಶನ್ನಿನಷ್ಟು ಸಣ್ಣದರಲ್ಲಿ ಪರೀಕ್ಷಿಸಬೇಕಾದದ್ದು.

ಸ್ಯಾಂಪಲ್ ಹಲಗೆ: ನಾಲ್ಕು ದಿನ, ಕೊನೆಯ ಮಾತು

ಪೇಂಟು, ಬಟ್ಟೆಗಳ ತುಂಡು ಜೋಡಿಸಿ ನೋಡುವ ಈ ಹಲಗೆ ಶೈಲಿಯನ್ನು ಹುಡುಕಿಕೊಡುವುದಿಲ್ಲ, ಹುಡುಕಿದ್ದು ನಿಮ್ಮ ಕೋಣೆಯಲ್ಲಿ ನಿಲ್ಲುತ್ತದೆಯೇ ಎಂದು ತೋರಿಸುತ್ತದೆ. ಶೇಡ್ ಕಾರ್ಡಿನ ಬೆರಳಗಲದ ಚೌಕ ನೋಡಿ ಬಣ್ಣ ಆರಿಸುವುದು ಎಲ್ಲರೂ ಮಾಡುವ ಎಡವಟ್ಟು. ಗೋಡೆಗೆ ಹೋದಾಗ ಬಣ್ಣ ಇನ್ನಷ್ಟು ಗಾಢವೆನಿಸುತ್ತದೆ, ಯಾಕೆಂದರೆ ಎದುರುಬದುರಿನ ಗೋಡೆಗಳು ಒಂದರ ಬಣ್ಣವನ್ನು ಇನ್ನೊಂದಕ್ಕೆ ಎರಚುತ್ತವೆ.

ಎ3 ಅಳತೆಯ ದಪ್ಪ ಬಿಳಿ ರಟ್ಟಿಗೆ ಅದೇ ಪೇಂಟು ಎರಡು ಕೋಟ್ ಹಚ್ಚಿ, ಪೂರ್ತಿ ಒಣಗಲಿ. ಸುತ್ತ ಎರಡು ಸೆಂಟಿಮೀಟರ್ ಬಿಳಿ ಅಂಚು ಬಿಡಿ, ಇಲ್ಲದಿದ್ದರೆ ಗೋಡೆಯ ಹಳೆಯ ಬಣ್ಣ ಕಣ್ಣನ್ನು ದಾರಿ ತಪ್ಪಿಸುತ್ತದೆ. ಸೋಫಾ ಬಟ್ಟೆಯ ತುಂಡು ಎ4ನಷ್ಟು, ಕುಶನ್ ಅಥವಾ ಪರದೆಯ ಎದ್ದು ಕಾಣುವ ಬಣ್ಣ ಎ4ರ ಮೂರನೇ ಒಂದು ಭಾಗ. ಅಲಂಕಾರದವರು ಹೇಳುವ 60-30-10ರ ಪ್ರಮಾಣ (ಮುಖ್ಯ ಬಣ್ಣ ಶೇ. 60, ಎರಡನೆಯದು 30, ಎದ್ದು ಕಾಣುವುದು 10) ಹೆಚ್ಚುಕಡಿಮೆ ಇಷ್ಟೇ. ಎಲ್ಲವನ್ನೂ ಒಂದೇ ಅಳತೆಗೆ ಕತ್ತರಿಸಿ ಜೋಡಿಸಿದರೆ ಸಾಸಿವೆ ಹಳದಿ ಬೂದುಬಣ್ಣದಷ್ಟೇ ಜಾಗ ತಿಂದು ಹೆದರಿಸುತ್ತದೆ, ಅಥವಾ ಸುಳ್ಳೇ ಮರುಳು ಮಾಡುತ್ತದೆ.

ಗೋಡೆಯ ಸ್ಯಾಂಪಲ್ ನಿಲ್ಲಿಸಿ, ನೆಲದ್ದನ್ನು ಮಲಗಿಸಿ ನೋಡಿ. ಬೆಳಕು ಎರಡರ ಮೇಲೂ ಒಂದೇ ಥರ ಬೀಳುವುದಿಲ್ಲ. ಬೆಳಿಗ್ಗೆ, ನಡುಹಗಲು, ಸಂಜೆ, ರಾತ್ರಿ ನಾಲ್ಕೂ ಹೊತ್ತು ನೋಡಬೇಕು. ರಾತ್ರಿಯ ಪರೀಕ್ಷೆ ಮುಂದೆ ಉಳಿಯಲಿರುವ ಬಲ್ಬಿನಲ್ಲೇ ಆಗಬೇಕು: 2700 ಕೆಲ್ವಿನ್ ಹಳದಿ ಬೆಳಕು, 4000 ನಡುವಿನದು, 6500 ನೀಲಿ ಬಿಳಿ. ಬೆಚ್ಚನೆ ಮಣ್ಣುಬಣ್ಣ 6500ರ ಕೆಳಗೆ ಸಪ್ಪೆ ಹೊಡೆಯುತ್ತದೆ. ಬಲ್ಬಿನ ಡಬ್ಬಿಯ ಮೇಲೆ ಸಿಆರ್‌ಐ (ಬೆಳಕು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ) 90 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಬಣ್ಣ ತನ್ನ ನಿಜರೂಪಕ್ಕೆ ಹತ್ತಿರ ಕಾಣುತ್ತದೆ. ಅಂಗಡಿಯ ಟ್ಯೂಬ್‌ಲೈಟಿನಡಿ ಒಂದೇ ಎನಿಸಿದ ಎರಡು ಬಟ್ಟೆ ಮನೆಯಲ್ಲಿ ಬೇರೆ ಬೇರೆಯಾಗುವುದೂ ಬೆಳಕಿನ ಆಟವೇ, ಅಂಗಡಿಯವರ ಮೋಸವಲ್ಲ.

ಹಲಗೆಗೆ ಆಕಾರ ತಿಳಿಯದು. ಬಣ್ಣವೆಲ್ಲ ಕೂಡಿಬಂದು ಸೋಫಾ ಮಾತ್ರ ಆನೆಯಂತೆ ಕೂತರೆ ಅದು ಹಲಗೆಯ ತಪ್ಪಲ್ಲ. ನೆಲದ ಮೇಲೆ ಮಾಸ್ಕಿಂಗ್ ಟೇಪ್‌ನಿಂದ ಅಳತೆ ಅಂಟಿಸಿ, ಎತ್ತರಕ್ಕೆ ರಟ್ಟಿನ ಡಬ್ಬಿ ಪೇರಿಸಿ ಎರಡು ದಿನ ಅದರ ಸುತ್ತ ಓಡಾಡಿ. ನಡೆದಾಡಲು 75ರಿಂದ 90 ಸೆಂಟಿಮೀಟರ್, ಸೋಫಾಕ್ಕೂ ಟೀಪಾಯಿಗೂ ನಡುವೆ 40ರಿಂದ 45 ಉಳಿಯದಿದ್ದರೆ ಎಷ್ಟೇ ಇಷ್ಟದ ಶೈಲಿಯಾದರೂ ಮೊಣಕಾಲು ಒಪ್ಪುವುದಿಲ್ಲ.

ಮನೆಯಲ್ಲಿ ಇಬ್ಬರಿದ್ದರೆ

ಚಿತ್ರ ಸೋಸುವುದನ್ನೂ ಫೋಟೋಗೆ ಗುರುತು ಹಾಕುವುದನ್ನೂ ಬೇರೆ ಬೇರೆ ಕೂತು ಮಾಡಿ. ಒಟ್ಟಿಗೆ ಕೂತರೆ ಗಟ್ಟಿ ದನಿಯವರ ಶೈಲಿಯೇ ಮನೆಯ ಶೈಲಿ. ಎರಡು ಪಟ್ಟಿ ಹೊಂದಿಸಿದಾಗ ಮರ, ಬೆಳಕುಗಳಲ್ಲಿ ಒಪ್ಪಂದ ಸುಲಭ; ಜಗಳ ಬರುವುದು ಕಣ್ಣೆದುರು ಎಷ್ಟು ಸಾಮಾನು ಇರಬೇಕು ಎಂಬಲ್ಲಿ. ಒಬ್ಬರಿಗೆ ಹತ್ತು, ಇನ್ನೊಬ್ಬರಿಗೆ ನಲವತ್ತು. ಇದಕ್ಕೆ ಸರಾಸರಿ ತೆಗೆದು ಇಪ್ಪತ್ತೈದು ಇಟ್ಟರೆ ಇಬ್ಬರಿಗೂ ಸಮಾಧಾನವಿಲ್ಲ. ಒಂಬತ್ತನೆಯ ಫೋಟೋವನ್ನು ಇಬ್ಬರ ಕುರ್ಚಿಯಿಂದಲೂ ತೆಗೆದು, ಹತ್ತು ಬೇಕೆನ್ನುವವರ ಎದುರಿನ ಗೋಡೆಗೆ ಬಾಗಿಲಿರುವ ಬೀರು, ನಲವತ್ತು ಬೇಕೆನ್ನುವವರ ಎದುರಿಗೆ ತೆರೆದ ಶೆಲ್ಫ್ ಹಾಕಿಸಿ. ಮರ ಮಾತ್ರ ಎರಡಕ್ಕೂ ಒಂದೇ ಇರಲಿ.