ಏರ್ ರೈಫಲ್ ನಳಿಕೆಯ ತುದಿಗೆ: ಸ್ಟ್ರಿಪರ್, ತೂಕ, ಉದ್ದ ಕೊಳವೆ, ಇಲ್ಲಾ ಏನೂ ಬೇಡವೇ?

ಹೋಲಿಕೆಗೆ ಇಟ್ಟುಕೊಂಡ ಕ್ರಮ ಇದು: ಒಂದೇ ಡಬ್ಬಿಯ 4.5 ಮಿ.ಮೀ. ಪೆಲೆಟ್ (ಸೀಸದ ಚಿಕ್ಕ ಗುಂಡು), ಗಾಳಿಯಾಡದ ಒಳಾಂಗಣ, 25 ಮೀಟರ್, ಪ್ರತಿ ಜೋಡಣೆಗೂ ಐದೈದು ಹೊಡೆತದ ಐದು ಗ್ರೂಪ್ (ಒಂದೇ ಗುರಿಗೆ ಹೊಡೆದ ತೂತುಗಳ ಗುಂಪು; ಚಿಕ್ಕದಾದಷ್ಟೂ ಒಳ್ಳೆಯದು). 10 ಮೀಟರಿನಲ್ಲಿ ಎಲ್ಲವೂ ಒಂದೇ ತೂತಾಗಿ ಕಾಣುತ್ತದೆ, ಭೇದ ಕೈಗೆ ಸಿಗುವುದಿಲ್ಲ. ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು ಒಂಟಿ ತೂತಿನ ಅಗಲ ಕಳೆಯಬೇಕು. ನೇರವಾಗಿ 4.5 ಕಳೆದರೆ ತಪ್ಪುತ್ತದೆ, ಸಾದಾ ಕಾಗದದ ತೂತು ಪೆಲೆಟ್‌ಗಿಂತ ಚಿಕ್ಕದೇ.

ಮೊದಲು ಬರೀ ನಳಿಕೆ. ರೈಫಲ್ ಖಾಲಿ ಇದೆಯೆಂದು ಖಚಿತಪಡಿಸಿಕೊಂಡು ಬಾಯಿಯಂಚಿನಲ್ಲಿ ಹತ್ತಿ ಕಡ್ಡಿ ತಿರುಗಿಸಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಲೋಹ ಎದ್ದಿದೆ. ಅದನ್ನು ಸರಿಪಡಿಸದೆ ಮುಂದೆ ಏನು ಸಿಕ್ಕಿಸಿದರೂ ವ್ಯರ್ಥ.

ಪಿಸಿಪಿ ರೈಫಲ್‌ನಲ್ಲಿ (ಮೊದಲೇ ಒತ್ತಡದಲ್ಲಿ ತುಂಬಿಟ್ಟ ಗಾಳಿಯಿಂದ ಹೊಡೆಯುವ ಬಗೆ) ಗೆದ್ದದ್ದು ಏರ್ ಸ್ಟ್ರಿಪರ್. ಪೆಲೆಟ್ ಹೊರಬಿದ್ದ ಕ್ಷಣ ಹಿಂದಿನಿಂದ ನುಗ್ಗುವ ಗಾಳಿ ಅದರ ಸ್ಕರ್ಟನ್ನು (ಹಿಂಬದಿಯ ತೆಳು ಅಂಚನ್ನು) ತಳ್ಳಿ ಓಲಾಡಿಸುತ್ತದೆ. ಸ್ಟ್ರಿಪರ್‌ನ ಶಂಕುವಿನಾಕಾರದ ತುದಿ ಆ ಗಾಳಿಯನ್ನು ಪಕ್ಕಕ್ಕೆ ತಿರುಗಿಸುತ್ತದೆ. ಬಾಯಿಗೂ ಶಂಕುವಿಗೂ 2 ಮಿ.ಮೀ. ಅಂತರದಿಂದ ಶುರುಮಾಡಿ ಅರ್ಧರ್ಧ ಸುತ್ತು ಬಿಡಿಸುತ್ತಾ ಹೋಗಿ. ಇಂಚಿಗೆ 20 ಸುತ್ತಿನ ಥ್ರೆಡ್ ಆದರೆ ಅರ್ಧ ಸುತ್ತಿಗೆ ಸುಮಾರು 0.64 ಮಿ.ಮೀ. ಗ್ರೂಪ್ ಬಿಗಿಯಾದಲ್ಲಿ ಲಾಕ್ ನಟ್ ಬಿಗಿಯಿರಿ. ಶಂಕುವಿನ ಒಂದೇ ಮಗ್ಗುಲಲ್ಲಿ ಸೀಸದ ಕಪ್ಪು ಗೆರೆ ಕಂಡರೆ ಪೆಲೆಟ್ ತಾಗುತ್ತಿದೆ ಎಂದರ್ಥ. ಸ್ಪ್ರಿಂಗ್ ರೈಫಲ್‌ನಲ್ಲಿ (ಸ್ಪ್ರಿಂಗ್ ತಳ್ಳಿದ ಪಿಸ್ಟನ್ ಗಾಳಿಯನ್ನು ಒತ್ತುವ ಬಗೆ) ಮಾತ್ರ ಇದು ಅಲಂಕಾರ. ತಳ್ಳುವಷ್ಟು ಗಾಳಿಯೇ ಅಲ್ಲಿ ಉಳಿದಿರುವುದಿಲ್ಲ.

ಸ್ಪ್ರಿಂಗ್ ರೈಫಲ್‌ಗೆ ಕೆಲಸಕ್ಕೆ ಬಂದದ್ದು ತೂಕ, ಅದೂ ಕೈಯಲ್ಲಿ ಹಿಡಿದು ಹೊಡೆದಾಗ. ಪೆಲೆಟ್ ನಳಿಕೆಯೊಳಗೆ ಇರುವಾಗಲೇ ಪಿಸ್ಟನ್ ರೈಫಲನ್ನು ಕುಲುಕುತ್ತದೆ. ಮುಂದೆ 100 ಗ್ರಾಂ ಇದ್ದರೆ ತುದಿ ನಿಧಾನವಾಗಿ ಕದಲುತ್ತದೆ. ತೂಕ ಸಿಕ್ಕಿಸಿದೊಡನೆ ಹೊಡೆತ ಬೀಳುವ ಜಾಗ ಸರಿಯುತ್ತದೆ. ಅದನ್ನು ಗ್ರೂಪ್ ಕೆಟ್ಟಿತೆಂದು ಓದಬೇಡಿ, ಸ್ಕೋಪ್ ಮತ್ತೆ ಹೊಂದಿಸಿ. ಐದರಲ್ಲಿ ಮೂರು ಒಂದು ಕಡೆ, ಎರಡು ಇನ್ನೊಂದು ಕಡೆ ಬಿದ್ದರೆ ಮೊದಲು ಅನುಮಾನಿಸಬೇಕಾದ್ದು ಸಡಿಲ ಸ್ಕ್ರೂ.

ಉದ್ದ ಕೊಳವೆ ಕೊನೆಯ ಸ್ಥಾನದಲ್ಲಿದೆ (ಶಬ್ದ ತಗ್ಗಿಸುವ ಬಗೆಯದಾದರೆ ಕಾನೂನನ್ನೂ ನೋಡಿಕೊಳ್ಳಬೇಕು). ಲೆಕ್ಕ ಸರಳ: 150 ಮಿ.ಮೀ. ಕೊಳವೆ ಅರ್ಧ ಡಿಗ್ರಿ ವಾಲಿದರೂ ತುದಿ 1.3 ಮಿ.ಮೀ. ಪಕ್ಕಕ್ಕೆ ಹೋಗುತ್ತದೆ. ತೂತು 6 ಮಿ.ಮೀ. ಇದ್ದರೆ 4.5ರ ಪೆಲೆಟ್‌ಗೆ ಸುತ್ತಲೂ ಸಿಗುವುದು 0.75 ಮಾತ್ರ. ತಾಗಲೇಬೇಕು. ಥ್ರೆಡ್ ನೆಟ್ಟಗಿದ್ದ ನಳಿಕೆಯಲ್ಲಿ ಇದೇ ಕೊಳವೆ ಏನನ್ನೂ ಕೆಡಿಸುವುದಿಲ್ಲ, ಆದರೆ ಗ್ರೂಪ್ ಅನ್ನು ಚಿಕ್ಕದೂ ಮಾಡುವುದಿಲ್ಲ.

ಎಲ್ಲ ಮುಗಿದ ಮೇಲೆ ಪಿಸಿಪಿಯಾದರೆ ಮೊದಲಿನ ಒತ್ತಡಕ್ಕೇ ಗಾಳಿ ತುಂಬಿ, ಬರೀ ನಳಿಕೆಯಿಂದ ಇನ್ನೊಂದು ಸಲ ಹೊಡೆಯಿರಿ. ಆ ಗ್ರೂಪ್ ಮೊದಲಿಗಿಂತ ಬೇರೆಯಾಗಿದ್ದರೆ ನಡುವೆ ಬದಲಾದದ್ದು ತುದಿಯ ಭಾಗವೊಂದೇ ಅಲ್ಲ. ನಳಿಕೆ ಒರೆಸಿ, ಹೋಲಿಕೆಯನ್ನು ಮೊದಲಿಂದ ಮಾಡಬೇಕು.