ನಿಕಾನ್ ಝಡ್9: ಮೂರು ಕಂಬಳ ಸೀಸನ್, ಮೂರು ಮಳೆಗಾಲ ಕಳೆದ ಮೇಲೆ

ನನ್ನ ಮನೆ ಕಾಸರಗೋಡು ಜಿಲ್ಲೆಯ ಕುಂಬಳೆ ಪೇಟೆಯಿಂದ ಸ್ವಲ್ಪ ಒಳಗೆ. ಹೊಟ್ಟೆಪಾಡಿಗೆ ಅಡಿಕೆ ತೋಟ ಮತ್ತು ಮದುವೆ ಫೋಟೋ. ಹುಚ್ಚಿಗೆ ಹಕ್ಕಿ, ಕಂಬಳ, ಕಬಡ್ಡಿ. ನಿಕಾನ್ ಕಂಪನಿಯ ಝಡ್9 ಕ್ಯಾಮೆರಾ ಮಾರುಕಟ್ಟೆಗೆ ಬರುವ ಸುದ್ದಿ 2021ರ ಅಕ್ಟೋಬರಿನಲ್ಲಿ ಬಂತು. ಲೆನ್ಸ್ ಬಿಟ್ಟು ಬರೀ ಕ್ಯಾಮೆರಾದ ಬೆಲೆ ಆಗ 4,75,995 ರೂಪಾಯಿ ಇತ್ತು. ನಾನು ತೆಗೆದುಕೊಂಡದ್ದು ಮರುವರ್ಷದ ಕೊನೆಗೆ. ಚಾಲಿ ಅಡಿಕೆಗೆ ಆಗ ಒಳ್ಳೆ ರೇಟು ಇತ್ತು, ಇಲ್ಲದಿದ್ದರೆ ಇದು ನನ್ನಿಂದ ಆಗುವ ಕೆಲಸ ಅಲ್ಲ. ಅಪ್ಪ ಬಿಲ್ ನೋಡಿ, "ಇಷ್ಟು ದುಡ್ಡಲ್ಲಿ ಇಡೀ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಬಹುದಿತ್ತಲ್ಲ ಮಾರಾಯ" ಅಂದರು. ಹಾಕಬಹುದಿತ್ತು. ಸುಳ್ಳಲ್ಲ.

ಮೊದಲು ನನ್ನ ಹತ್ತಿರ ಇದ್ದದ್ದು ನಿಕಾನಿನದೇ ಡಿ500. ಸೆಕೆಂಡಿಗೆ 10 ಫೋಟೋ ತೆಗೆಯುವ ಗಟ್ಟಿ ಕ್ಯಾಮೆರಾ. ಝಡ್9 ಅದರ ಎರಡರಷ್ಟು ತೆಗೆಯುತ್ತದೆ, ಸೆನ್ಸರ್ ಕಂಡದ್ದನ್ನೆಲ್ಲ ಹಾಗೇ ಉಳಿಸುವ ರಾ ಫೈಲ್‌ನಲ್ಲೇ ಸೆಕೆಂಡಿಗೆ 20. ಆ ಇಪ್ಪತ್ತಕ್ಕೆ ಮರುಳಾಗಿಯೇ ನಾನು ಕೊಂಡದ್ದು. ಈಗ ಅದನ್ನು ಹತ್ತಕ್ಕೆ ಇಳಿಸಿ ಇಟ್ಟಿದ್ದೇನೆ. ಲೆಕ್ಕ ಹಾಕಿ ನೋಡಿ. ಕಂಬಳದಲ್ಲಿ ಒಂದು ಜೋಡಿ ಕೋಣ ಓಟ ಶುರುವಾಗುವ ಗಂತಿನಿಂದ ಹೊರಟು ಓಟ ಮುಗಿಯುವ ಮಂಜೊಟ್ಟಿ ಮುಟ್ಟಲು ಹನ್ನೆರಡು ಹದಿಮೂರು ಸೆಕೆಂಡ್ ಬೇಕು. ಬಟನ್ ಒತ್ತಿ ಹಿಡಿದರೆ 260 ಫೋಟೋ. ಸಣ್ಣ ಮಾಡಿದ ರಾ ಫೈಲ್ ಕೂಡ ಒಂದೊಂದು ಮೂವತ್ತು ಎಂಬಿ ದಾಟುತ್ತದೆ. ಒಂದೇ ಓಟಕ್ಕೆ ಎಂಟು ಜಿಬಿ ಹೋಯಿತು. ಕಂಬಳ ನಡೆಯುವುದು ಹಗಲು ರಾತ್ರಿ. ಮೊದಲ ಸೀಸನ್ನಿನಲ್ಲಿ ಒಂದು ಕಂಬಳದ ಫೋಟೋ ಆರಿಸಿ ಮುಗಿಸಲು ನನಗೆ ಒಂಬತ್ತು ದಿನ ಹಿಡಿಯಿತು. ಅಷ್ಟರಲ್ಲಿ ಮುಂದಿನ ಕಂಬಳ ಬಂದಿತ್ತು.

ಹಾಗಾದರೆ ದುಡ್ಡು ದಂಡವಾಯಿತಾ? ಇಲ್ಲ. ನಾನು ಲೆಕ್ಕಕ್ಕೇ ಹಿಡಿಯದ ಒಂದು ಗುಣ ಇದರಲ್ಲಿ ಇತ್ತು. ಫೋಟೋ ತೆಗೆಯುವಾಗ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಕಪ್ಪಾಗುವುದೇ ಇಲ್ಲ.

ಓಟಗಾರ ಹಲಗೆಯ ಮೇಲೆ ನಿಂತು ಕೋಣ ಓಡಿಸುವ ಕನೆಹಲಗೆ ಓಟ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತದೆ. ಹಲಗೆಯ ತೂತಿನಿಂದ ಚಿಮ್ಮಿದ ನೀರು ಮೇಲೆ ಅಡ್ಡ ಕಟ್ಟಿದ ನಿಶಾನೆಯ ಬಟ್ಟೆಗೆ ತಾಗಬೇಕು. ಕೋಲು ಅನ್ನುವುದು ಇಲ್ಲಿ ಎತ್ತರದ ಅಳತೆ; ಬಟ್ಟೆ ಇರುವುದು ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ. ಡಿ500ರಲ್ಲಿ ಪ್ರತಿ ಫೋಟೋಗೂ ಒಳಗಿನ ಕನ್ನಡಿ ಮೇಲೆ ಹೋಗಿ ಕೆಳಗೆ ಬರುತ್ತದೆ. ಅಷ್ಟು ಹೊತ್ತು ನನ್ನ ಕಣ್ಣಿಗೆ ಕತ್ತಲೆ. ಫೋಟೋ ಸಿಗುತ್ತಿತ್ತು, ಆದರೆ ಆ ಗಳಿಗೆಯನ್ನು ನಾನು ನೋಡುತ್ತಿರಲಿಲ್ಲ, ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡುತ್ತಿದ್ದೆ. ಝಡ್9ರಲ್ಲಿ ಕನ್ನಡಿಯೂ ಇಲ್ಲ, ತೆರೆದು ಮುಚ್ಚುವ ಮೆಕ್ಯಾನಿಕಲ್ ಶಟರೂ ಇಲ್ಲ. ಪೈವಳಿಕೆಯ ಕಂಬಳದಲ್ಲಿ ಮೊದಲ ಸಲ ಇದನ್ನು ಹಿಡಿದು ನಿಂತಾಗ ನೀರಿನ ಗೋಡೆ ಎದ್ದದ್ದು, ಬಟ್ಟೆ ಒದ್ದೆಯಾಗಿ ತೊಯ್ದದ್ದು, ಹಲಗೆಯ ಮೇಲೆ ಓಟಗಾರ ಹಿಂದಕ್ಕೆ ವಾಲಿದ್ದು, ಎಲ್ಲ ಕಣ್ಣೆದುರೇ ಆಯಿತು. ಕಣ್ಣಿಗೆ ಕಂಡದ್ದಕ್ಕೆ ಕೈ ತಾನಾಗಿ ಹೊಂದಿಕೊಳ್ಳುತ್ತದೆ. ಹತ್ತು ಸಾಕು ಅನ್ನಿಸಿದ್ದು ಹಾಗೆ.

ಫೋಕಸ್ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಕಂಬಳದ್ದು ಮಾತ್ರ ಹೇಳುತ್ತೇನೆ. ಮನುಷ್ಯ, ಪ್ರಾಣಿ, ವಾಹನ ಅಂತ ಗುರುತಿಸುವ ಆಯ್ಕೆಗಳಿವೆ. ಇಲ್ಲಿ ಮನುಷ್ಯನೂ ಇದ್ದಾನೆ, ಕೋಣವೂ ಇದೆ, ಹಿಂದೆ ಸಾವಿರ ಜನ ಬೇರೆ. 'ಆಟೋ'ದಲ್ಲಿ ಬಿಟ್ಟರೆ ಅದು ತನಗೆ ಬೇಕಾದವರನ್ನು ಹಿಡಿದುಕೊಳ್ಳುತ್ತದೆ, ನಮಗೆ ಬೇಕಾದವರನ್ನಲ್ಲ. ಓಟ ಶುರುವಾಗುವ ಮೊದಲೇ ಕೋಣವಾ, ಓಟಗಾರನಾ ಅಂತ ನಾವು ತೀರ್ಮಾನ ಮಾಡಿ ಮೆನುವಿನಲ್ಲಿ ಹೇಳಿಬಿಡಬೇಕು. ಮೊದಲ ದಿನ ಇದು ಗೊತ್ತಿಲ್ಲದೆ ಮಂಜೊಟ್ಟಿಯಲ್ಲಿ ನಿಂತ ಯಾರದೋ ಮಾವನ ಮುಖ ಬಹಳ ಚೆನ್ನಾಗಿ ಫೋಕಸ್ ಆಗಿತ್ತು. ಅವರಿಗೆ ಫೋಟೋ ಕಳಿಸಿಕೊಟ್ಟೆ, ಖುಷಿಪಟ್ಟರು.

ರಾತ್ರಿ ಆಟಗಳಿಗೆ ಒಂದು ಎಚ್ಚರಿಕೆ. ನಮ್ಮ ಕಡೆ ಕಬಡ್ಡಿ, ಏಳೇಳು ಜನ ಆಡುವ ಸೆವೆನ್ಸ್ ಫುಟ್‌ಬಾಲ್ ಎಲ್ಲ ಫ್ಲಡ್‌ಲೈಟಿನಲ್ಲಿ. ಈಗ ಹೆಚ್ಚಾಗಿ ಎಲ್‌ಇಡಿ ದೀಪ. ಈ ದೀಪಗಳು ಕಣ್ಣಿಗೆ ಗೊತ್ತಾಗದಷ್ಟು ಬೇಗ ಹತ್ತಿ ಆರುತ್ತಿರುತ್ತವೆ. ಎಲೆಕ್ಟ್ರಾನಿಕ್ ಶಟರ್ ಸೆನ್ಸರನ್ನು ಸಾಲು ಸಾಲಾಗಿ ಓದುವುದರಿಂದ ಫೋಟೋದಲ್ಲಿ ಅಡ್ಡ ಪಟ್ಟೆ ಬೀಳಬಹುದು. ಝಡ್9 ಬೇಗ ಓದುತ್ತದೆ ನಿಜ, ಬ್ಯಾಟು ಬಾಗಿದ ಹಾಗೆ, ಚೆಂಡು ಮೊಟ್ಟೆಯಾದ ಹಾಗೆ ಕಾಣುವ ತಾಪತ್ರಯ ನನಗೆ ಬಂದಿಲ್ಲ. ಆದರೆ ದೀಪದ ಪಟ್ಟೆ ಬೇರೆ ವಿಷಯ. ಅದಕ್ಕೆ ಹೈ ಫ್ರೀಕ್ವೆನ್ಸಿ ಫ್ಲಿಕರ್ ರಿಡಕ್ಷನ್ ಅಂತ ಒಂದು ಸೆಟ್ಟಿಂಗ್ ಇದೆ. ಶಟರ್ ವೇಗವನ್ನು ಕೂದಲೆಳೆಯಷ್ಟು ಹೆಚ್ಚು ಕಡಿಮೆ ಮಾಡುತ್ತ, ಪಟ್ಟೆ ಮಾಯವಾಗುವ ಕಡೆ ನಿಲ್ಲಿಸಬೇಕು. ಆಟಕ್ಕೆ ಅರ್ಧ ಗಂಟೆ ಮುಂಚೆ ಹೋಗಿ ಇದೊಂದು ಮಾಡಿಕೊಳ್ಳಿ. ಬೆಳಕು ಕಡಿಮೆ ಇರುವ ಅಂಗಳದಲ್ಲಿ ಬೆಳಕು ಹೆಚ್ಚು ಒಳಬಿಡುವ ಎಫ್ 2.8 ಲೆನ್ಸ್ ಹಾಕಿ, ಶಟರ್ ಸೆಕೆಂಡಿನ 1/1000ದಲ್ಲಿ ಇಟ್ಟರೆ ಐಎಸ್ಒ, ಅಂದರೆ ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ, 8000 ಮುಟ್ಟುತ್ತದೆ. ಪೇಪರಿಗೆ, ಮೊಬೈಲಿಗೆ ಸಾಕು. ದೊಡ್ಡದಾಗಿ ಪ್ರಿಂಟ್ ಹಾಕಿದರೆ ಕಾಳು ಕಾಣುತ್ತದೆ.

ಇನ್ನು ಹಕ್ಕಿ. ಕಾಸರಗೋಡು ಜಿಲ್ಲೆ 2023ರಲ್ಲಿ ತನ್ನದೇ ಮರ, ಹಕ್ಕಿ, ಪ್ರಾಣಿ, ಹೂವು ಅಂತ ಘೋಷಿಸಿಕೊಂಡಿತು, ಗೊತ್ತಲ್ವಾ? ಮರ ನಮ್ಮ ಕಾಸರಕ, ಹಕ್ಕಿ ಬಿಳಿಹೊಟ್ಟೆಯ ಕಡಲ ಹದ್ದು. ಶಿರಿಯ ಹೊಳೆಯ ಅಳಿವೆಯಲ್ಲಿ ಬೆಳಿಗ್ಗೆ ಕಾದು ಕೂತರೆ ಅದು ಬರುವ ದಿನವೂ ಇದೆ, ಬಾರದ ದಿನವೂ ಇದೆ. ನನ್ನ ಲೆನ್ಸ್ 180-600 ಎಂಎಂ ಜೂಮ್. ಅದೂ ಸಾಲದಷ್ಟು ದೂರ ಇದ್ದರೆ ಸೆನ್ಸರಿನ ನಡುಭಾಗ ಮಾತ್ರ ಬಳಸುವ ಡಿಎಕ್ಸ್ ಕ್ರಾಪ್‌ಗೆ ಹಾಕುತ್ತೇನೆ. 45.7 ಮೆಗಾಪಿಕ್ಸೆಲ್‌ನಲ್ಲಿ ಸುಮಾರು 19 ಉಳಿಯುತ್ತದೆ, ಡಿ500 ಕೊಡುತ್ತಿದ್ದಷ್ಟೇ ಹೆಚ್ಚು ಕಡಿಮೆ.

ಹದ್ದು ಬಾರದ ದಿನ ಮಿಂಚುಳ್ಳಿ ಇದ್ದೇ ಇರುತ್ತದೆ. ಕಪ್ಪು ಬಿಳಿ ಮಿಂಚುಳ್ಳಿ ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಲ್ಲುತ್ತದೆ, ಕೊಕ್ಕು ಕೆಳಗೆ ಮಾಡಿ ಲೆಕ್ಕ ಹಾಕುತ್ತದೆ, ಆಮೇಲೆ ಕಲ್ಲು ಬಿದ್ದ ಹಾಗೆ ಬೀಳುತ್ತದೆ. ಬಿತ್ತು ಅಂತ ನಮಗೆ ಗೊತ್ತಾಗಿ ಬೆರಳು ಒತ್ತುವಾಗ ಅದು ನೀರಿನ ಒಳಗೆ. ಈ ಒಂದು ಸೋಲಿಗೆ ಔಷಧ ಬಂದದ್ದು ಕ್ಯಾಮೆರಾದ ಒಳಗಿನ ಸಾಫ್ಟ್‌ವೇರಿನ ಹೊಸ ಆವೃತ್ತಿಯಲ್ಲಿ, 2022ರ 2.0 ಫರ್ಮ್‌ವೇರಿನಲ್ಲಿ. ಬಟನ್ ಅರ್ಧ ಒತ್ತಿ ಹಿಡಿದಿದ್ದರೆ, ಪೂರ್ತಿ ಒತ್ತುವುದಕ್ಕಿಂತ ಒಂದು ಸೆಕೆಂಡ್ ಹಿಂದಿನ ಫೋಟೋಗಳನ್ನೂ ಕ್ಯಾಮೆರಾ ಉಳಿಸಿಕೊಡುತ್ತದೆ. ಜೇಪೆಗ್‌ನಲ್ಲಿ ಮಾತ್ರ, ಆಮೇಲೆ ತಿದ್ದಲು ಹೆಚ್ಚು ಅವಕಾಶ ಕೊಡುವ ರಾ ಇಲ್ಲ. ಅದು ನನಗೆ ದೊಡ್ಡ ಕೊರತೆಯೇ. ನೀರು ಹೊಳೆಯುವ ಬೆಳಿಗ್ಗೆ ಎಕ್ಸ್‌ಪೋಷರ್ ಸ್ವಲ್ಪ ತಪ್ಪಿದರೂ ಹಕ್ಕಿಯ ಬಿಳಿ ಎದೆ ಬರೀ ಸುಣ್ಣ. ಮೊದಲೇ ಒಂದು ಸ್ಟಾಪ್, ಅಂದರೆ ಅರ್ಧದಷ್ಟು ಬೆಳಕು, ಕತ್ತಲೆ ಮಾಡಿಟ್ಟುಕೊಳ್ಳುತ್ತೇನೆ.

ತೂಕ. ಕ್ಯಾಮೆರಾ 1340 ಗ್ರಾಂ, ಟ್ರೈಪಾಡಿಗೆ ಕೂರಿಸುವ ಕಾಲರ್ ಸಮೇತ ಈ ಲೆನ್ಸ್ 2140 ಗ್ರಾಂ. ಸುಲಿದ ಆರು ತೆಂಗಿನಕಾಯಿ ಕುತ್ತಿಗೆಗೆ ಕಟ್ಟಿಕೊಂಡ ಹಾಗೆ. ಅಳಿವೆಯಲ್ಲಿ ಕೂತು ಕಾಯುವವನಿಗೆ ಪರವಾಗಿಲ್ಲ. ರಾಣಿಪುರಂ ಬೆಟ್ಟ ಹತ್ತುವವರು, ಕಿದೂರಿನ ಗುಡ್ಡೆಗಳಲ್ಲಿ ಇಡೀ ದಿನ ನಡೆಯುವವರು 2023ರಲ್ಲಿ ಬಂದ ಝಡ್8 ನೋಡಿ. ಸೆನ್ಸರ್ ಇದೇ, ತೂಕ 910 ಗ್ರಾಂ. ಬ್ಯಾಟರಿ ಮಾತ್ರ ಸಣ್ಣದು. ಝಡ್9ರ ಒಂದು ಬ್ಯಾಟರಿ ನನಗೆ ಕಂಬಳದ ಒಂದು ರಾತ್ರಿ ಬರುತ್ತದೆ.

ಫೋಟೋ ಉಳಿಸುವ ಮೆಮೊರಿ ಕಾರ್ಡಿನ ವಿಷಯದಲ್ಲಿ ನಾನು ಪೆಟ್ಟು ತಿಂದವ. ಕಡಿಮೆಗೆ ಸಿಕ್ಕಿತು ಅಂತ ಯಾವುದೋ ಕಂಪನಿಯ ಸಿಎಫ್ ಎಕ್ಸ್‌ಪ್ರೆಸ್ ಕಾರ್ಡ್ ಹಾಕಿದ್ದೆ. ಎರಡನೇ ಸೀಸನ್ನಿನಲ್ಲಿ, ಅದೂ ಫೈನಲ್ ಓಟದ ಹೊತ್ತಿಗೆ, ಅದು ಸತ್ತೇಹೋಯಿತು. ಹೊರಗೆ ತೆಗೆದರೆ ದೋಸೆ ಕಾವಲಿ ಮುಟ್ಟಿದ ಹಾಗೆ. ಮೂರು ಓಟ ಹೋಯಿತು. ಆಮೇಲೆ ಎರಡು ಸ್ಲಾಟಿನಲ್ಲೂ ಒಟ್ಟಿಗೆ ಬರೆಯುವ ಹಾಗೆ ಇಟ್ಟಿದ್ದೇನೆ.

ಮಳೆಗಾಲಕ್ಕೆ ಬರೋಣ. ಚೀಲದಲ್ಲಿಟ್ಟ ಅಡಿಕೆಗೇ ಬೂಷ್ಟು ಹಿಡಿಯುವ ಊರು ನಮ್ಮದು, ಲೆನ್ಸನ್ನು ಬಿಡುತ್ತದಾ? ಹಳೆಯ ಲೆನ್ಸ್ ಒಂದನ್ನು ಜೂನ್‌ನಲ್ಲಿ ಬ್ಯಾಗಿನಲ್ಲಿ ಮರೆತು ಸೆಪ್ಟೆಂಬರಿನಲ್ಲಿ ತೆಗೆದಾಗ ಒಳಗೆ ಜೇಡರ ಬಲೆಯ ಹಾಗೆ ಫಂಗಸ್. ಝಡ್9 ಬಂದ ತಿಂಗಳೇ ಒಳಗಿನ ತೇವ ತೆಗೆಯುವ ಡ್ರೈ ಕ್ಯಾಬಿನೆಟ್ ತಂದೆ. ತೇವ ತೋರಿಸುವ ಮುಳ್ಳು ಶೇಕಡಾ 40 ಮತ್ತು 50ರ ನಡುವೆ ಇರಬೇಕು. ಕರೆಂಟ್ ಹೋದಾಗಲೂ ಬಾಗಿಲು ತೆಗೆಯದಿದ್ದರೆ ಒಂದು ದಿನ ತೊಂದರೆ ಇಲ್ಲ. ಬಟ್ಟೆ ಇಡುವ ಗೋದ್ರೇಜಿನಲ್ಲಿ ಮಾತ್ರ ಇಡಬೇಡಿ. ಮಳೆಯಲ್ಲಿ ನೆನೆದದ್ದಕ್ಕಿಂತ ನನಗೆ ಕಡಲ ಗಾಳಿಯ ಹೆದರಿಕೆ ಜಾಸ್ತಿ. ಅಳಿವೆಯಿಂದ ಬಂದ ಕೂಡಲೇ ಒದ್ದೆ ಬಟ್ಟೆ ಹಿಂಡಿ ಒರೆಸಿ, ಆಮೇಲೆ ಒಣ ಬಟ್ಟೆ. ಲೆನ್ಸ್ ಬದಲಿಸುವ ಮೊದಲು ಕ್ಯಾಮೆರಾ ಆಫ್ ಮಾಡಿದರೆ ಸೆನ್ಸರಿನ ಮುಂದೆ ಒಂದು ಪರದೆ ಮುಚ್ಚಿಕೊಳ್ಳುವ ಹಾಗೆ ಇಡಬಹುದು. ಉಪ್ಪು ಗಾಳಿಗೆ ಅದೊಂದು ದೊಡ್ಡ ಉಪಕಾರ. ಅದಕ್ಕೆ ಬೆರಳು ತಾಗಿಸಬೇಡಿ ಅಷ್ಟೇ.

ಶಬ್ದ ಇಲ್ಲದ್ದು ಆಟಕ್ಕೂ ಹಕ್ಕಿಗೂ ಬೇಕು ಅಂತ ಕಂಪನಿ ಮಾಡಿರಬಹುದು. ನನಗೆ ಅದು ಉಪಕಾರಕ್ಕೆ ಬಂದದ್ದು ಭೂತಕೋಲದಲ್ಲಿ. ಡಿ500ರ ಟಕ ಟಕ ಕೇಳಿ ಊರಿನ ಹಿರಿಯರೊಬ್ಬರು ತಿರುಗಿ ಒಮ್ಮೆ ನೋಡಿದರೆ ಸಾಕಿತ್ತು, ನಾನು ಕ್ಯಾಮೆರಾ ಕೆಳಗಿಡುತ್ತಿದ್ದೆ. ಕಳೆದ ವರ್ಷ ಅವರ ಪಕ್ಕದಲ್ಲೇ ಕೂತು ಫೋಟೋ ತೆಗೆದೆ. "ಇವತ್ತು ತೆಗೆಯಲಿಲ್ವಾ?" ಅಂತ ಕೊನೆಗೆ ಅವರೇ ಕೇಳಿದರು.

ಈಗ ಸೆಕೆಂಡ್ ಹ್ಯಾಂಡ್ ಝಡ್9 ಸಿಗುತ್ತಿದೆ. ಎಷ್ಟು ಲಕ್ಷ ಫೋಟೋ ತೆಗೆದಿದೆ ಅಂತ ಕೇಳಿ ಹೆದರಬೇಡಿ, ಸವೆಯಲು ಇದರಲ್ಲಿ ಶಟರ್ ಇಲ್ಲ. ಕಡಲ ಬದಿಯವರ ಕೈಯಿಂದ ಕೊಳ್ಳುವುದಾದರೆ ಫ್ಲ್ಯಾಶ್ ಹಾಕುವ ಜಾಗ, ಲೆನ್ಸ್ ಕೂರುವ ಮೌಂಟಿನ ಸುತ್ತ, ಕಾರ್ಡ್ ಸ್ಲಾಟಿನ ಒಳಗೆ ಟಾರ್ಚ್ ಹಾಕಿ ನೋಡಿ, ಉಪ್ಪಿನ ಗುರುತು ಅಲ್ಲಿ ಸಿಗುತ್ತದೆ. ನನ್ನದರಲ್ಲಿ ಕಾಲರಿಗೆ ಹಾಕಿದ ಪ್ಲೇಟಿನ ಸ್ಕ್ರೂ ಒಂದು ತುಕ್ಕು ಹಿಡಿದು ಅಲ್ಲೇ ಕಚ್ಚಿಕೊಂಡಿದೆ. ತೆಂಗಿನೆಣ್ಣೆ ಹಾಕಿ ಎರಡು ವಾರ ಆಯಿತು, ಇನ್ನೂ ಬಿಟ್ಟಿಲ್ಲ.