ಹಳೇ ಗಾಡಿಗೆ ಟ್ರೇಲರ್ ಹುಕ್ ಹಾಕಿಸೋರು ಇದನ್ನು ಓದಿ, ಆಮೇಲೆ ದುಡ್ಡು ಕೊಡಿ

ಹಳೇ ಬೊಲೆರೊ, ಸ್ಕಾರ್ಪಿಯೊ, ಜೀಪು ಇಟ್ಟುಕೊಂಡು ಹಿಂದೆ ಟ್ರೇಲರ್ ಕಟ್ಟುವ ಕೊಡಗು, ಸಕಲೇಶಪುರ, ಮೂಡಿಗೆರೆ ಕಡೆಯವರೆಲ್ಲ ಓದಿ. "ಟೋಯಿಂಗ್ ಅಪ್‌ಗ್ರೇಡ್", "ಹೆವಿ ಡ್ಯೂಟಿ ಕಿಟ್" ಅಂತ ಯಾರಾದರೂ ಶುರು ಮಾಡಿದರೆ ಮೊದಲು ಗಾಡಿ ಕೆಳಗೆ ಇಳಿದು ನೋಡಿ, ಆಮೇಲೆ ಜೇಬಿಗೆ ಕೈ ಹಾಕಿ. ನನ್ನ 68,000 ರೂಪಾಯಿ ಹೋಯ್ತು. ದುಡ್ಡಾದರೂ ದುಡಿಯಬಹುದು. ಆವತ್ತು ನನ್ನ ಹಿಂದೆಯೇ ಶಾಲೆ ವ್ಯಾನ್ ಬರ್ತಿತ್ತು. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ.

ನನ್ನದು 2009ರ ಬೊಲೆರೊ. ಹದಿನೈದು ವರ್ಷ ತುಂಬಿದಾಗ ಎಫ್‌ಸಿ ಮಾಡಿಸಿ ಐದು ವರ್ಷಕ್ಕೆ ಆರ್‌ಸಿ ರಿನ್ಯೂ ಮಾಡಿಸಿದ್ದೆ. ಇಂಜಿನ್ ಚೆನ್ನಾಗಿದೆ, ಹೊಸ ಗಾಡಿ ಬೆಲೆ ಕೇಳಿದರೆ ತಲೆ ತಿರುಗುತ್ತೆ, ಹಾಗಾಗಿ ಇದನ್ನೇ ಗಟ್ಟಿ ಮಾಡಿಕೊಳ್ಳೋಣ ಅಂತ. ಟ್ರೇಲರ್ ಸಣ್ಣದು, ಒಂದೇ ಆಕ್ಸಲ್. ಅದಕ್ಕೆ ಬೇರೆ ನಂಬರ್, ಬೇರೆ ಆರ್‌ಸಿ, ಎಲ್ಲ ಸರಿಯಾಗಿದೆ. ಕಾಫಿ ಮೂಟೆಗಳನ್ನು ಕುಶಾಲನಗರದ ಕ್ಯೂರಿಂಗ್‌ಗೆ (ಕಾಫಿ ಹದ ಮಾಡುವ ಕಾರ್ಖಾನೆ) ಇಳಿಸಬೇಕು, ಅಷ್ಟೇ ಕೆಲಸ. ಮಡಿಕೇರಿಯಿಂದ ಸುಂಟಿಕೊಪ್ಪ ದಾಟಿ ಕುಶಾಲನಗರದವರೆಗೆ ರಸ್ತೆ ಹೇಗೆ ಇಳಿಯುತ್ತೆ, ತಿರುವು ಹೇಗಿದೆ ಅಂತ ಆ ಕಡೆಯವರಿಗೆ ಹೇಳಬೇಕಾಗಿಲ್ಲ. ಹತ್ತುವಾಗ ಏನೂ ಇಲ್ಲ, ಇಂಜಿನ್ ಎಳೆಯುತ್ತೆ. ಇಳಿಯುವಾಗ ಬ್ರೇಕ್ ಇಲ್ಲದ ಟ್ರೇಲರ್ ಹಿಂದಿನಿಂದ ನೂಕುತ್ತೆ. ಅದಕ್ಕೇ ನಾನು ಕೇಳಿದ್ದು ಶಕ್ತಿಯಲ್ಲ, ಭದ್ರತೆ. ಇದನ್ನು ಗ್ಯಾರೇಜಿನವನಿಗೆ ಬಿಡಿಸಿ ಬಿಡಿಸಿ ಹೇಳಿದ್ದೆ.

ಗ್ಯಾರೇಜ್ ಪಕ್ಕದ ಜಿಲ್ಲೆಯದು. ಹೆಸರು ಇಲ್ಲಿ ಬರೆಯಲ್ಲ, ವಕೀಲರು ಬೇಡ ಅಂದಿದ್ದಾರೆ. ಹೊರಗೆ ಎತ್ತರಿಸಿದ ಥಾರ್‌ಗಳ ಸಾಲು, ಒಳಗೆ ಎಸಿ ಆಫೀಸು, ಚಹಾ ಬೇರೆ. "ಅಣ್ಣ, ನೀವು ತಲೆ ಕೆಡಿಸ್ಕೋಬೇಡಿ. ಎರಡು ಟನ್ ಎಳೀಬಹುದು, ಬರೆದುಕೊಡ್ತೀನಿ" ಅಂದ. ಬರೆದೂ ಕೊಟ್ಟ! ಲ್ಯಾಮಿನೇಟ್ ಮಾಡಿದ ಒಂದು ಕಾಗದ, "ಟೋಯಿಂಗ್ ಕೆಪಾಸಿಟಿ 2000 ಕೆಜಿ, ಎಆರ್‌ಎಐ ಸ್ಟ್ಯಾಂಡರ್ಡ್" ಅಂತ. ಎಆರ್‌ಎಐ ಅಂದರೆ ಪುಣೆಯಲ್ಲಿ ಗಾಡಿಗಳನ್ನು ಟೆಸ್ಟ್ ಮಾಡುವ ಸಂಸ್ಥೆ. ಇವನ ಕಾಗದದಲ್ಲಿ ಟೆಸ್ಟ್ ನಂಬರಿಲ್ಲ, ತಾರೀಕಿಲ್ಲ, ಇವನ ಸೀಲು ಮಾತ್ರ.

ಮಾತಾಗಿದ್ದು ಇಷ್ಟು: ಚಾಸಿಸ್‌ಗೆ ಎರಡೂ ಕಡೆ ಪ್ಲೇಟ್ ಕೊಟ್ಟು ಹೈಟೆನ್ಸೈಲ್ ಬೋಲ್ಟ್ ಹಾಕಿ ಹುಕ್ ಕೂರಿಸೋದು, ಹಿಂದೆ ಪಟ್ಟಾ (ಭಾರ ಹೊರುವ ಸ್ಪ್ರಿಂಗ್ ಪಟ್ಟಿ) ಹೆಚ್ಚಿಸೋದು, ಹೊಸ ಬ್ರೇಕ್ ಬೂಸ್ಟರ್ (ಪೆಡಲ್ ಒತ್ತುವ ಬಲ ಹೆಚ್ಚಿಸೋದು), ಮುಂದಿನ ಡಿಸ್ಕ್ ಹೊಸದು, ಟ್ರೇಲರ್‌ಗೂ ಬ್ರೇಕ್. ಇಳಿಯುವಾಗ ಟ್ರೇಲರ್ ಮುಂದೆ ನೂಕಿದ ಕೂಡಲೇ ಆ ಒತ್ತಡಕ್ಕೇ ಕೇಬಲ್ ಎಳೆದು ಅದರ ಬ್ರೇಕ್ ಹಿಡಿಯುವ ವ್ಯವಸ್ಥೆ. ಜೊತೆಗೆ ಸೇಫ್ಟಿ ಚೈನ್. ಕೇಳೋಕೆ ಎಲ್ಲ ಸರಿಯಾಗೇ ಇತ್ತು ನೋಡಿ! ತಿಳಿದವನೇ ಮೋಸ ಮಾಡಿದ್ದು, ತಿಳಿಯದವನಲ್ಲ.

ಗಾಡಿ ಕೊಟ್ಟಾಗ ಅಡಿಯಲ್ಲಿ ಕಪ್ಪು ಬಣ್ಣ ಹೊಡೆದು ಮಿರಮಿರ ಮಿಂಚಿಸಿದ್ದರು. ಹುಕ್ಕಿನ ಪ್ಲೇಟಿನ ಮೇಲೆ ಆರು ದಪ್ಪ ಬೋಲ್ಟು, ಒಂದೊಂದರ ತಲೆ ಮೇಲೂ 8.8 ಅಂತ ಅಚ್ಚು. ನಾನು ಬಗ್ಗಿ ನೋಡಿದ್ದೇನೆ, ಮೊಬೈಲಲ್ಲಿ ಫೋಟೋ ತೆಗೆದಿದ್ದೇನೆ. ಆ ನಂಬರ್ ಇದ್ದರೆ ಒಳ್ಳೇ ಬೋಲ್ಟು ಅಂತ ಗೊತ್ತಿದ್ದೇ ತೆಗೆದಿದ್ದು.

ಸುಂಟಿಕೊಪ್ಪ ದಾಟಿ ಆನೆಕಾಡು ಹತ್ತಿರ ಬರುವಾಗ ಹಿಂದೆ "ಖಟಾರ್" ಅಂತ ಸದ್ದು. ಸೆಕೆಂಡ್ ಗೇರಲ್ಲಿ ಇದ್ದೆ, ವೇಗ ಇರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಟ್ರೇಲರ್ ಓರೆಯಾಗಿ ಬರ್ತಿದೆ. ಪಕ್ಕದಲ್ಲಿದ್ದ ನಮ್ಮ ತೋಟದ ರೈಟ್ರು "ಸಾರ್ ನಿಲ್ಸಿ ನಿಲ್ಸಿ" ಅಂತ ಕಿರುಚಿದರು. ನಿಲ್ಲಿಸಿ ಇಳಿದು ನೋಡಿದರೆ ಹುಕ್ಕಿನ ಪ್ಲೇಟು ಒಂದು ಕಡೆ ಬಾಯಿ ತೆರೆದಿದೆ. ಸೇಫ್ಟಿ ಚೈನ್ ಎಲ್ಲಿಗೆ ಕಟ್ಟಿದ್ದಾನೆ ಗೊತ್ತಾ? ಅದೇ ಪ್ಲೇಟಿಗೆ! ಹುಕ್ಕು ಕಿತ್ತು ಹೋದರೂ ಟ್ರೇಲರ್ ಗಾಡಿಗೇ ಅಂಟಿಕೊಂಡಿರಲಿ ಅಂತ ಚೈನ್ ಹಾಕೋದು. ಪ್ಲೇಟ್ ಕಳಚಿದರೆ ಚೈನೂ ಅದರ ಜೊತೆಗೇ ಹೋಗ್ತಿತ್ತು. ಹಿಂದೆ ಶಾಲೆ ವ್ಯಾನು. ಚಾಸಿಸ್‌ಗೇ ಬೇರೆಯಾಗಿ ಕಟ್ಟಬೇಕು ಅಂತ ಹುಡುಗರಿಗೂ ಗೊತ್ತಿರೋ ವಿಷಯ.

ಮೂಟೆ ಬೇರೆ ಪಿಕಪ್‌ಗೆ ಹಾಕಿಸಿ, ಖಾಲಿ ಬೊಲೆರೊವನ್ನು ಕುಶಾಲನಗರದ ಒಬ್ಬ ಹಳೇ ಮೇಸ್ತ್ರಿ ಹತ್ತಿರ ತಂದೆ. ಪಿಟ್ ಮೇಲೆ ನಿಲ್ಲಿಸಿದೆವು. ಅವರು ಹತ್ತೊಂಬತ್ತನೇ ನಂಬರ್ ಸ್ಪ್ಯಾನರ್ ತಗೊಂಡು ಒಂದು ಬೋಲ್ಟಿಗೆ ಹಾಕಿ ತಿರುಗಿಸಿದರು. ಟಕ್ ಅಂತ ತಲೆ ಕೈಗೆ ಬಂತು. ತಲೆ ಮಾತ್ರ. ಕೆಳಗೆ ಬೋಲ್ಟೇ ಇಲ್ಲ! ಬೋಲ್ಟಿನ ತಲೆ ಕತ್ತರಿಸಿ ಪ್ಲೇಟಿನ ಮೇಲೆ ವೆಲ್ಡಿಂಗ್ ಚುಕ್ಕೆ ಇಟ್ಟು ಅಂಟಿಸಿದ್ದಾರೆ. ಎರಡನೇದೂ ಹಾಗೇ. ಮೂರನೇದೂ ಹಾಗೇ. ಆರಕ್ಕೆ ಆರೂ. ಚಾಸಿಸ್‌ನಲ್ಲಿ ತೂತೇ ಕೊರೆದಿಲ್ಲ. ಪ್ಲೇಟು ನಿಂತಿದ್ದುದು ಚಾಸಿಸ್‌ನ ಹಿಂದಿನ ಅಡ್ಡಪಟ್ಟಿ, ಅಂದರೆ ಕ್ರಾಸ್ ಮೆಂಬರ್‌ಗೆ ಕೊಟ್ಟಿದ್ದ ನಾಲ್ಕು ಬೆರಳು ಅಗಲದ ವೆಲ್ಡಿಂಗ್ ಮೇಲೆ, ಅದೂ ತುಕ್ಕು ಕೆರೆಯದೆ ತುಕ್ಕಿನ ಮೇಲೇ. ಸಂದಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದಾರೆ. ಸುತ್ತ ನಿಂತಿದ್ದ ಹುಡುಗರು ನಕ್ಕರು. ನಾನು ಆ ಬೋಲ್ಟಿನ ತಲೆ ಕೈಯಲ್ಲಿ ಹಿಡ್ಕೊಂಡು ನಿಂತಿದ್ದೆ. ಯಾಮಾರಿಸೋಕೆ ಇಷ್ಟು ಕಷ್ಟಪಡೋ ಬದಲು ಆರು ತೂತು ಕೊರೆದಿದ್ದರೆ ಬೇಗ ಆಗ್ತಿತ್ತಲ್ಲ ಮಾರಾಯ್ರೆ!

"ಹೊಸ" ಬೂಸ್ಟರ್ ನನ್ನದೇ ಹಳೇದು, ಬಣ್ಣ ಬಳಿದದ್ದು. ಡಿಸ್ಕ್ ಹೊಸದಲ್ಲ, ಲೇತಲ್ಲಿ ಕೆರೆಸಿದ್ದು. ಪಟ್ಟಾ ಎರಡು ಹೆಚ್ಚಿಸಿದ್ದು ನಿಜ, ಆದರೆ ಯಾವುದೋ ಗುಜರಿ ಗಾಡಿಯದು, ಅಗಲವೇ ಹೊಂದಲ್ಲ. ಮೇಸ್ತ್ರಿ ಹೇಳಿದ್ದು ಇನ್ನೊಂದು ಮಾತು: ಪಟ್ಟಾ ಹೆಚ್ಚಿಸಿದರೆ ಹಿಂಭಾಗ ಕೂರಲ್ಲ ಅಷ್ಟೇ, ಆಕ್ಸಲ್ಲು, ಬ್ರೇಕು ಕಂಪನಿಯಿಂದ ಬಂದಾಗ ಎಷ್ಟು ತಡೆಯುತ್ತಿತ್ತೋ ಅಷ್ಟೇ ತಡೆಯೋದು. ಟ್ರೇಲರ್ ಬ್ರೇಕಿನ ಕೇಬಲ್ಲು? ಡ್ರಮ್ಮಿನವರೆಗೆ ಬಂದಿದೆ, ಅಲ್ಲಿ ಜಿಐ ತಂತಿಯಲ್ಲಿ ಕಟ್ಟಿ ಬಿಟ್ಟಿದ್ದಾರೆ. ಒಳಗೆ ಡ್ರಮ್ಮನ್ನು ಹಿಡಿಯುವ ಲೈನರೇ ಇಲ್ಲ.

ಈಗ ಅವನ ಉತ್ತರಗಳನ್ನು ಕೇಳಿ. ಫೋಟೋ ಕಳಿಸಿದ ಕೂಡಲೇ: "ಅಣ್ಣ ಓವರ್‌ಲೋಡ್ ಹಾಕಿದೀರಾ." ಐವತ್ತು ಕೆಜಿಯ ಒಂಬತ್ತು ಮೂಟೆ, ಟ್ರೇಲರ್ ಸೇರಿ 800 ಕೆಜಿ. ವೇಬ್ರಿಡ್ಜ್ ಚೀಟಿ ಕಳಿಸಿದೆ. ಆಮೇಲೆ: "ಲೋಡ್ ಹಿಂದೆ ಇಟ್ಟಿರ್ತೀರಾ." ಇಲ್ಲ, ಭಾರ ಆಕ್ಸಲ್‌ಗಿಂತ ಸ್ವಲ್ಪ ಮುಂದೆಯೇ ಇತ್ತು, ಒಟ್ಟು ತೂಕದ ಹತ್ತರಲ್ಲೊಂದು ಪಾಲು ಹುಕ್ಕಿನ ಮೇಲೆ ಬರುವ ಹಾಗೆ. ಹಾಗಾದರೆ ಬೋಲ್ಟ್ ತಲೆ ಏನಪ್ಪಾ ಅಂತ ಕೇಳಿದೆ. ಬಂದ ಉತ್ತರ ಯಥಾವತ್ ಹಾಕ್ತಿದ್ದೀನಿ: "ಅದು ಲುಕ್ಕಿಗೆ ಅಣ್ಣ, ವೆಲ್ಡಿಂಗೇ ಮೇನ್." ಲುಕ್ಕಿಗೆ! ಗಾಡಿ ಕೆಳಗೆ ಯಾರು ನೋಡ್ತಾರೆ ಲುಕ್ಕನ್ನ?

ದುಡ್ಡು ವಾಪಸ್ ಕೇಳಿದಾಗ ಅಣ್ಣ ಹೋಗಿ ಸಾರ್ ಆದೆ. "ಸಾರ್, ಬಿಲ್ ನೋಡಿ ಮಾತಾಡಿ." ಬಿಲ್ಲಲ್ಲಿ ಇರೋದು "ಫ್ಯಾಬ್ರಿಕೇಷನ್ ಕೆಲಸ, 11,000" ಅಂತ. ಉಳಿದ 57,000 ಫೋನ್‌ಪೇ ಮಾಡಿಸಿಕೊಂಡದ್ದು ಅವನ ಭಾಮೈದನ ನಂಬರ್‌ಗೆ. ಭಾಮೈದ ಹೇಳ್ತಾನೆ, ಅದು ಕೈಸಾಲ ಅಂತೆ! ಯಾವ ಕೈಸಾಲ? ನಾನು ಆ ಮನುಷ್ಯನ ಮುಖವನ್ನೇ ನೋಡಿಲ್ಲ.

"ಆರ್‌ಟಿಓದಲ್ಲಿ ನಮ್ಮವರಿದ್ದಾರೆ, ಆರ್‌ಸಿಯಲ್ಲಿ ಸೇರಿಸ್ತೀನಿ" ಅಂತಲೂ ಮೊದಲೇ ಅಂದಿದ್ದ, ಅದೂ ಬುರುಡೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಕಂಪನಿಯ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಾಯಿಸಬಾರದು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಲ್ಯಾಮಿನೇಟ್ ಕಾಗದ ತೋರಿಸಿದಾಗ ಆರ್‌ಟಿಓ ಆಫೀಸಿನವರು ಅದನ್ನು ತಿರುಗಿಸಿ ಹಿಂದೆ ಏನಾದರೂ ಇದೆಯಾ ಅಂತ ನೋಡಿದರು. ಆ ಹೊತ್ತಿನ ಮರ್ಯಾದೆಗೇಡು ನನಗೇ ಗೊತ್ತು. ನಮ್ಮ ಭಾವ ಮನೆಗೆ ಬಂದಾಗಲೆಲ್ಲ "ಒಂದು ಬೋಲ್ಟ್ ತಲೆಗೆ ಎಷ್ಟು ಬಿತ್ತು?" ಅಂತ ಲೆಕ್ಕ ಹಾಕ್ತಾರೆ.

1915ಕ್ಕೆ ಫೋನ್ ಮಾಡಿ ಗ್ರಾಹಕ ಸಹಾಯವಾಣಿಯಲ್ಲಿ ದೂರು ಬರೆಸಿದ್ದೇನೆ. ಮಡಿಕೇರಿಯ ಗ್ರಾಹಕರ ಆಯೋಗಕ್ಕೂ ಹಾಕ್ತಿದ್ದೇನೆ, ಐದು ಲಕ್ಷದೊಳಗಿನದಕ್ಕೆ ಶುಲ್ಕ ಇಲ್ಲ. ನೋಟಿಸು ಹೋದ ಮೇಲೆ ಅವನ ಮೆಸೇಜು: "ಸಾರ್ ಗಾಡಿ ತನ್ನಿ, ಫ್ರೀಯಾಗಿ ರೀವೆಲ್ಡ್ ಮಾಡ್ತೀನಿ." ತಗೊಂಡು ಹೋಗಬೇಕಂತೆ, ಅದೇ ರಸ್ತೆಯಲ್ಲಿ!

ಕೆಲಸ ಮಾಡಿಸೋದಿದ್ದರೆ ಪೂರ್ತಿ ದುಡ್ಡಿಗೆ ಬಿಲ್ ತಗೊಳ್ಳಿ, ಪಾರ್ಟ್ ಪಾರ್ಟಿಗೂ ಬೇರೆ ಬೇರೆ ಬರೆಸಿ. ಹಳೇ ಪಾರ್ಟು ವಾಪಸ್ ಕೇಳಿ, ಕೊಡದಿದ್ದರೆ ಹೊಸದು ಹಾಕಿಲ್ಲ ಅಂತಲೇ ಅರ್ಥ. ಬಣ್ಣ ಹೊಡೆಯೋ ಮೊದಲು ಕರೆಯೋಕೆ ಹೇಳಿ. ಚಹಾ ಕೊಟ್ಟರೆ ಕುಡಿಯಬೇಡಿ.

ಹಾಸನ, ಕೊಡಗು, ಹುಣಸೂರು ಕಡೆ ಎಸಿ ಆಫೀಸಿರೋ ಗ್ಯಾರೇಜಲ್ಲಿ ಈ ಎರಡು ವರ್ಷದಲ್ಲಿ ಟ್ರೇಲರ್ ಹುಕ್ ಹಾಕಿಸಿದವರು ಯಾರಾದರೂ ಇದ್ದರೆ ನಾಳೆಗೆ ಮುಂದೂಡಬೇಡಿ. ಇವತ್ತೇ ಕೆಳಗೆ ಮಲಗಿ ಸ್ಪ್ಯಾನರ್ ಹಾಕಿ ತಿರುಗಿಸಿ. ಪ್ಲೇಟಿನ ಆಚೆ ಬದಿಯಲ್ಲಿ ನಟ್ಟು ಕಾಣದಿದ್ದರೆ ಟ್ರೇಲರ್ ಬಿಚ್ಚಿಟ್ಟು ನನಗೆ ಮೆಸೇಜ್ ಮಾಡಿ, ಗ್ಯಾರೇಜ್ ಹೆಸರು ಅಲ್ಲಿ ಹೇಳ್ತೀನಿ.